ಹೊಸ ಕಾರ್ಡಿಗಾಗಿ ಕಾಯುವ ಮುನ್ನ

ಗೇಮಿಂಗ್ ಲ್ಯಾಪ್‌ಟಾಪ್ ಬೇಕಿದ್ದವರು ಮುಂದಿನ ತಲೆಮಾರಿನ ಗ್ರಾಫಿಕ್ಸ್ ಕಾರ್ಡ್ ಬರಲೆಂದು ವರ್ಷಗಟ್ಟಲೆ ಕಾಯಬೇಡಿ. 2025ರ ಜನವರಿಯಲ್ಲಿ ಎನ್ವಿಡಿಯಾ ಆರ್‌ಟಿಎಕ್ಸ್ 50 ಸರಣಿ ಘೋಷಿಸಿದಾಗ, ಕಾದವರಿಗೆ ಸಿಕ್ಕಿದ್ದೇನು ನೋಡಿ. ಲ್ಯಾಪ್‌ಟಾಪಿನ ಹಿಂದಿನ ತಲೆಮಾರಿನ 4070 ಕಾರ್ಡಿನಲ್ಲಿದ್ದದ್ದು 8 ಜಿಬಿ ಮೆಮೊರಿ. ಹೊಸ 5070ರಲ್ಲಿ ಬಂದದ್ದೂ ಅಷ್ಟೇ, ವೇಗದ ಮೆಮೊರಿ ಅನ್ನುವುದೊಂದೇ ಹೆಚ್ಚು. ಹೊಸದರಲ್ಲಿ ಒಂದು ಫ್ರೇಮಿನ ಬೆನ್ನಿಗೆ ಮೂರು ಫ್ರೇಮ್ ಹುಟ್ಟಿಸುವ ತಂತ್ರವಿದೆಯಲ್ಲ ಎನ್ನಬಹುದು. ನಿಜ, ಚಿತ್ರ ನುಣುಪಾಗಿ ಓಡುತ್ತದೆ. ಆದರೆ ಗುಂಡಿ ಒತ್ತಿದಾಗ ಆಟ ಸ್ಪಂದಿಸುವ ಚುರುಕು ಅದರಿಂದ ಹೆಚ್ಚುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಕಾರ್ಡಿನ ಹೆಸರಿನಷ್ಟೇ ಮುಖ್ಯವಾದದ್ದು ಅದಕ್ಕೆ ಸಿಗುವ ವಿದ್ಯುತ್ತು: 4060 ಎಂಬ ಒಂದೇ ಹೆಸರಿನಡಿ 35 ವ್ಯಾಟಿನದೂ ಇದೆ, 115 ವ್ಯಾಟಿನದೂ ಇದೆ. ತೆಳು ಮೈಯೊಳಗೆ ಬಿಸಿಯೇರಿ ಏದುಸಿರು ಬಿಡುವ ಹೊಸದಕ್ಕಿಂತ ಗಾಳಿಯಾಡುವ ಹಳೆಯದೇ ಎಷ್ಟೋ ವಾಸಿ. ಬಿಡುಗಡೆಯ ದಿನ ತಿಂಗಳೊಳಗಿದ್ದರೆ ಮಾತ್ರ ತಾಳಿ, ಹಳೆಯದರ ಬೆಲೆ ಇಳಿಯಬಹುದು. ಅಂಗಡಿಯಲ್ಲಿ ಮೊದಲು ವ್ಯಾಟ್ ಎಷ್ಟೆಂದು ಕೇಳಿ.