ಕ್ಯಾಲ್ಸಿಯಂ ಕಡಿಮೆ: ದೇಹದಲ್ಲೋ, ವರದಿಯಲ್ಲೋ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಿಗೆ ಸುಣ್ಣದ ಪರಿಚಯ ಹೇಳಬೇಕಿಲ್ಲ. ಮನೆಗೆ ಹಾಸಿದ ಶಹಾಬಾದಿ ಕಲ್ಲಿನಲ್ಲೂ, ನೀರು ಕಾಯಿಸಿದ ಪಾತ್ರೆಯ ಬಿಳಿ ಪದರದಲ್ಲೂ ಇರುವುದು ಕ್ಯಾಲ್ಸಿಯಂ. 'ಇಂಥ ನೀರು ಕುಡಿದರೂ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಏಕೆ?' ಎಂಬುದು ಸಹಜ ಪ್ರಶ್ನೆ. ರಕ್ತದ ಮಟ್ಟವನ್ನು ಪ್ಯಾರಾಥೈರಾಯ್ಡ್ ಗ್ರಂಥಿ, ಮೂತ್ರಪಿಂಡ ಮತ್ತು 'ಡಿ' ಜೀವಸತ್ವ ಕಾಯುತ್ತವೆ. ಕುಡಿಯುವ ನೀರೊಂದೇ ಅಲ್ಲ. ಕೆಲವೊಮ್ಮೆ ಕೊರತೆ ಅಳತೆಯಲ್ಲೇ ಇರುತ್ತದೆ.

ಉಪ್ಪು ಒಲೆಗೆ ಬಿದ್ದರೆ ಜ್ವಾಲೆ ಹಳದಿಯಾಗುವುದು ಸೋಡಿಯಂನಿಂದ. ಪೊಟ್ಯಾಸಿಯಂ ನೇರಳೆ, ಕ್ಯಾಲ್ಸಿಯಂ ಇಟ್ಟಿಗೆಗೆಂಪು ಬೆಳಕು ಕೊಡುತ್ತವೆ. ಈ ಬೆಳಕನ್ನು ಅಳೆಯುವ ಯಂತ್ರವೇ ಫ್ಲೇಮ್ ಫೋಟೋಮೀಟರ್. ಆದರೆ ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸಾಧಾರಣ ಜ್ವಾಲೆಯಲ್ಲಿ ಆ ಜೋಡಿ ಸುಲಭವಾಗಿ ಬಿಡದು. ಬೆಳಕು ತಗ್ಗಿ ಅಂಕಿಯೂ ತಗ್ಗುತ್ತದೆ. ಮೂತ್ರಪಿಂಡ ಸೋತವರ ರಕ್ತದಲ್ಲಿ ಫಾಸ್ಫೇಟ್ ಹೆಚ್ಚಿರುವುದರಿಂದ ತಪ್ಪೂ ಅವರಲ್ಲೇ ಹೆಚ್ಚು.

ಇದಕ್ಕೆ ಪರಿಹಾರ ಮೂರು. ಲ್ಯಾಂಥನಂ ಅಥವಾ ಸ್ಟ್ರಾನ್ಷಿಯಂ ಬೆರೆಸಿದರೆ ಫಾಸ್ಫೇಟ್ ಅದಕ್ಕೆ ಅಂಟಿ, ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಇ.ಡಿ.ಟಿ.ಎ. ಬೆರೆಸಿದರೆ ಅದು ಕ್ಯಾಲ್ಸಿಯಂ ಅನ್ನು ಫಾಸ್ಫೇಟಿನ ಕೈಗೆ ಸಿಗದಂತೆ ಕಾದು, ಜ್ವಾಲೆಯಲ್ಲಿ ತಾನು ಸುಟ್ಟುಹೋಗುತ್ತದೆ. ಮೂರನೆಯದು, ನೈಟ್ರಸ್ ಆಕ್ಸೈಡ್–ಅಸಿಟಿಲೀನಿನ ಹೆಚ್ಚು ಬಿಸಿಯಾದ ಜ್ವಾಲೆ.

ಈಗ ಹೆಚ್ಚಿನ ಪ್ರಯೋಗಾಲಯಗಳು ಸೋಡಿಯಂ, ಪೊಟ್ಯಾಸಿಯಂಗಳನ್ನು ಎಲೆಕ್ಟ್ರೋಡಿನಿಂದಲೂ ಕ್ಯಾಲ್ಸಿಯಂ ಅನ್ನು ಬಣ್ಣದ ರಾಸಾಯನಿಕದಿಂದಲೂ ಅಳೆಯುತ್ತವೆ. ಆದರೆ ಅಲ್ಲಿ ಕಾಯುವ ಇ.ಡಿ.ಟಿ.ಎ. ಇಲ್ಲಿ ಕದಿಯುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಸಾಮಾನ್ಯವಾಗಿ ಇರುವುದು ಪೊಟ್ಯಾಸಿಯಂ ಸೇರಿದ ಇ.ಡಿ.ಟಿ.ಎ. ಅದರ ರಕ್ತ ಬೇರೆ ಟ್ಯೂಬಿಗೆ ಬೆರೆತರೆ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಸುಳ್ಳಾಗಿ ಇಳಿಯುತ್ತದೆ. ಇಲ್ಲದ ಪೊಟ್ಯಾಸಿಯಂ ಇಳಿಸಲು ಔಷಧಿ ಕೊಟ್ಟರೆ ಹೃದಯಕ್ಕೇ ಅಪಾಯ.

ಓದುಗರು ನೆನಪಿಡಬೇಕಾದದ್ದು:

1. ರಕ್ತ ಕೊಡುವಾಗ ಮುಷ್ಟಿಯನ್ನು ಪದೇ ಪದೇ ಬಿಗಿಯಬೇಡಿ. ಅದರಿಂದಲೂ ಪೊಟ್ಯಾಸಿಯಂ ಹೆಚ್ಚು ತೋರುತ್ತದೆ.

2. ನೀವು ನುಂಗುವ ಎಲ್ಲ ಮಾತ್ರೆಗಳ ಹೆಸರನ್ನು ವೈದ್ಯರಿಗೆ ತಿಳಿಸಿ. ಹಳೆಯ ವರದಿಗಳನ್ನೂ ಒಯ್ಯಿರಿ.

3. ಅಂಕಿಗೂ ರೋಗಿಯ ಸ್ಥಿತಿಗೂ ಹೊಂದದಿದ್ದರೆ ಹೊಸದಾಗಿ ರಕ್ತ ತೆಗೆದು ಮತ್ತೆ ಪರೀಕ್ಷಿಸಬಹುದೇ ಎಂದು ಕೇಳಿ.

4. ಬಾಯಿಯ ಸುತ್ತ ಜುಮುಗುಟ್ಟುವಿಕೆ, ಕೈಬೆರಳು ಸೆಟೆಯುವುದು, ಎದೆಬಡಿತದ ಏರುಪೇರು, ತೀವ್ರ ನಿಶ್ಶಕ್ತಿ ಇದ್ದರೆ ವರದಿ ಸುಳ್ಳಿರಬಹುದೆಂದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಒಂದು ಅಂಕಿ ನೋಡಿ ತಾವಾಗಿಯೇ ಕ್ಯಾಲ್ಸಿಯಂ ಮಾತ್ರೆ ನುಂಗುವುದು ಸಲ್ಲದು. ಚಿಕಿತ್ಸೆ ಬೇಕಾದದ್ದು ರೋಗಿಗೆ, ಕಾಗದಕ್ಕಲ್ಲ.