ಟ್ರ್ಯಾಕ್ಷನ್ ಬಾರ್ ಆರಿಸೋದು ಹೇಗೆ? ಹಳೇ ಡೀಸೆಲ್ ಪಿಕಪ್ ಕಲಿಸಿದ ಪಾಠ

ನಮ್ಮ ಫಾರ್ಮುಲಾ ಎಸ್‌ಎಇ ತಂಡದ ಟ್ರೇಲರ್ ಎಳೆಯೋಕೆ ಹಳೇ ಡೀಸೆಲ್ ಪಿಕಪ್ ಒಂದಿತ್ತು. ಟ್ರೇಲರ್ ಕಟ್ಟಿ ಜೋರಾಗಿ ಹೊರಟರೆ ಹಿಂದಿನ ಚಕ್ರ ಧಡಧಡ ಕುಣೀತಿತ್ತು. ನಾವು ನಕ್ಕು ಸುಮ್ಮನಾದೆವು. ಸ್ಪರ್ಧೆಗೆ ಹೊರಟ ದಿನವೇ ಡ್ರೈವ್‌ಶಾಫ್ಟಿನ ಯು-ಜಾಯಿಂಟ್ ಮುರಿದು, ವರ್ಷವಿಡೀ ಕಟ್ಟಿದ ಕಾರು ಹೆದ್ದಾರಿ ಪಕ್ಕದಲ್ಲೇ ಉಳೀತು.

ಆಗಿದ್ದೇನು? ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ ಆಕ್ಸಲ್ಲಿನ ಕವಚ ಹಿಂದಕ್ಕೆ ತಿರುಗೋಕೆ ನೋಡುತ್ತೆ. ನ್ಯೂಟನ್ನನ ಮೂರನೇ ನಿಯಮ, ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೇ. ಅದನ್ನು ತಡೆಯೋದು ಲೀಫ್ ಸ್ಪ್ರಿಂಗ್, ಅಂದರೆ ಲಾರಿಗಳ ಕೆಳಗೆ ಕಾಣುವ ಪಟ್ಟಿಗಳ ಕಟ್ಟು. ಅದು 'ಎಸ್' ಆಕಾರಕ್ಕೆ ತಿರುಚಿಕೊಂಡು, ಪಿಯನ್ನಿನ ಮೂತಿ ಮೇಲೆದ್ದು, ಯು-ಜಾಯಿಂಟಿನ ಕೋನ ಕೆಡುತ್ತೆ. ಇದೇ ಆಕ್ಸಲ್ ರ‍್ಯಾಪ್.

ಎಷ್ಟು ಬಲ ಅಂತೀರಾ? 2011ರಿಂದ 2016ರವರೆಗಿನ ಒಂದು ಡ್ಯೂರಾಮ್ಯಾಕ್ಸ್ ಎಂಜಿನ್ನಿನ ಟಾರ್ಕ್ 765 ಪೌಂಡ್-ಅಡಿ. ಫಸ್ಟ್ ಗೇರ್ 3.10, ಆಕ್ಸಲ್ 3.73. ಗುಣಿಸಿದರೆ ಸುಮಾರು 8,800 ಪೌಂಡ್-ಅಡಿ! (ಟೈರ್ ಜಾರದಿದ್ದರೆ ಮಾತ್ರ.)

ಟ್ರ್ಯಾಕ್ಷನ್ ಬಾರ್ ಅಂದರೆ ಆಕ್ಸಲ್ಲಿಂದ ಮುಂದಿನ ಫ್ರೇಮಿಗೆ ಕೊಡುವ ಗಟ್ಟಿ ಆಸರೆ. ನಾವು ಅವಸರದಲ್ಲಿ ಅಗ್ಗದ ಗಿಡ್ಡ ಬಾರ್ ತಂದೆವು. ಕುಣಿತವೇನೋ ನಿಂತಿತು, ಆದರೆ ಪ್ರತಿ ಗುಂಡಿಗೂ ಬೆನ್ನು ಮುರಿಯೋ ಹಾಗಾಯ್ತು. ಕಾರಣ ರೇಖಾಗಣಿತ: ಸ್ಪ್ರಿಂಗ್ ಮೇಲೆ ಕೆಳಗೆ ಆಡುವಾಗ ಆಕ್ಸಲ್ ಒಂದು ಕಮಾನಿನಲ್ಲಿ ಚಲಿಸುತ್ತೆ, ಬಾರ್ ತನ್ನದೇ ಇನ್ನೊಂದರಲ್ಲಿ. ಬಾರ್ ಗಿಡ್ಡವಾದಷ್ಟೂ ಅದರ ಕಮಾನು ಬಿಗಿ, ಎರಡೂ ಜಗಳಕ್ಕೆ ಬೀಳ್ತವೆ. ಅದಕ್ಕೇ ಉದ್ದನೆಯ ಬಾರ್ ಬೇಕು. ಅದರ ಕೋನ ಡ್ರೈವ್‌ಶಾಫ್ಟಿನ ಕೋನಕ್ಕೆ ಹತ್ತಿರ ಇರಬೇಕು. ಖಾಲಿ ಗಾಡಿಯಲ್ಲಿ ಅಳೆದು ನಿಲ್ಲಿಸಬೇಡಿ, ಟ್ರೇಲರ್ ಕಟ್ಟಿಯೂ ಅಳೀರಿ. ಹೊರಡುವಾಗ ಆಕ್ಸಲ್ಲಿನ ಕೆಳಗಿರುವ ಬಾರ್ ಮೇಲೆ ಒತ್ತಡ ಬೀಳುತ್ತೆ, ಎಳೆತವಲ್ಲ. ಉದ್ದ ಹೆಚ್ಚಿದಷ್ಟೂ ಬಾಗುವ ಭಯ, ಹಾಗಾಗಿ ಕೊಳವೆ ದಪ್ಪವಿರಲಿ.

ತುದಿಯ ಜೋಡಣೆಗೆ ಹೈಮ್ ಜಾಯಿಂಟ್ ನಿಖರ, ಆದರೆ ಸವೆದರೆ ಕಟಕಟ ಸದ್ದು. ದಿನಾ ಓಡಿಸೋ ಗಾಡಿಗೆ ಪಾಲಿಯುರಿಥೇನ್ ಬುಷ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಕೊಳ್ಳುವ ಮುಂಚೆ ಆಕ್ಸಲ್ ಕೊಳವೆಯ ವ್ಯಾಸ, ಕ್ಯಾಬ್ ಮತ್ತು ಬೆಡ್‌ನ ಉದ್ದ, ಲಿಫ್ಟ್ ಎಷ್ಟಿಂಚು, ಏರ್ ಬ್ಯಾಗ್ ಇದೆಯಾ ಎಲ್ಲಾ ಬರೆದಿಟ್ಕೊಳ್ಳಿ. ಮತ್ತೆ, ನಿಮ್ಮದು 2014ರ ನಂತರದ ರ‍್ಯಾಮ್ 2500 ಆದರೆ ಹಿಂದೆ ಇರೋದು ಕಾಯಿಲ್ ಸ್ಪ್ರಿಂಗ್. ಲೀಫ್ ಸ್ಪ್ರಿಂಗಿನ ಈ ಲೆಕ್ಕ ಅಲ್ಲಿ ನಡೆಯಲ್ಲ.

ಬಾರ್ ಹಾಕಿದ್ರೆ ಎಳೆಯೋ ಸಾಮರ್ಥ್ಯ ಹೆಚ್ಚುತ್ತಾ ಅಂತ ಜೂನಿಯರ್‌ಗಳು ಕೇಳ್ತಾರೆ. ಇಲ್ಲ ಮಾರಾಯ್ರೆ, ಒಂದು ಪೌಂಡೂ ಹೆಚ್ಚಲ್ಲ. ಟ್ಯೂನ್ ಮಾಡದ ಗಾಡಿ ಕುಣಿದರೆ ಮೊದಲು ಯು-ಬೋಲ್ಟ್ ಸಡಿಲವಾಗಿದೆಯಾ, ಸ್ಪ್ರಿಂಗ್ ಸೋತಿದೆಯಾ ನೋಡಿ. ನಮ್ಮ ಗಾಡಿಯಲ್ಲಿ ಎರಡು ಯು-ಬೋಲ್ಟ್ ಕೈಯಲ್ಲೇ ತಿರುಗುತ್ತಿದ್ದವು.