ಬಾಗಿಲಾಚೆ ಬಿಡಬಾರದ ಶೂ

ನಮ್ಮ ಕಡೆ ದೊಡ್ಡವರು ಪೇಟೆಗೆ ಹೊರಡುವಾಗ ಮಗುವಿನ ಅಂಗಾಲಿಗೆ ಕಸಬರಿಗೆ ಕಡ್ಡಿ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಸರಿಯಾಗಿ ಮುರಿದು ಜೇಬಿಗೆ ಹಾಕಿಕೊಳ್ಳುವುದು ಹಳೇ ರೂಢಿ. ಅಂಗಡಿಯಲ್ಲಿ ಆ ಕಡ್ಡಿಯನ್ನು ಚಪ್ಪಲಿಯೊಳಗೆ ಇಟ್ಟು ನೋಡಿದರೆ ಮುಗಿಯಿತು, ಮಗು ಬರಬೇಕಾಗಿಯೇ ಇಲ್ಲ. ಸಿರುಗುಪ್ಪ ತಾಲ್ಲೂಕಿನ ಹಳ್ಳಿಯಿಂದ ಬಳ್ಳಾರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆಗೂ ಮೇಲೆ ಕೂತು ಬರುವವರಿಗೆ ಇದು ಜಾಣತನವೇ. ನಾನು ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿಯಾಗಿ ಕೆಲಸ ಶುರು ಮಾಡಿದ ಹೊಸದರಲ್ಲಿ ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕುವ ಒಂದು ಹುಡುಗಿಗೆ ಹೀಗೇ ಕಡ್ಡಿ ಅಳತೆಯಲ್ಲಿ ಶೂ ತಂದುಕೊಟ್ಟೆ. ಉದ್ದ ಕರಾರುವಾಕ್ಕಾಗಿತ್ತು. ಕ್ಯಾಲಿಪರ್ ಸಮೇತ ಕಾಲು ಮಾತ್ರ ಅರ್ಧಕ್ಕೇ ನಿಂತುಬಿಟ್ಟಿತು. ಅವರಮ್ಮ ಏನೂ ಅನ್ನದೆ ಶೂ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟರು.

ಆ ಪೆಟ್ಟಿಗೆ ನೆನಪಾದಾಗಲೆಲ್ಲ ಹೊಸ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಹೇಳುವ ಮಾತು ಇದು: ಶೂವನ್ನು ಕಾಲಿಗೆ ಕೊಳ್ಳಬೇಡಿ, ಕ್ಯಾಲಿಪರ್‌ಗೆ ಕೊಳ್ಳಿ. ಶೂ ಸರಿಯಿಲ್ಲದಿದ್ದರೆ ಎಷ್ಟು ಚೆಂದ ಮಾಡಿದ ಕ್ಯಾಲಿಪರ್ ಕೂಡ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಕ್ಯಾಲಿಪರ್ ಎಂದ ಕೂಡಲೇ ನಮ್ಮಲ್ಲಿ ಹಲವರ ಕಣ್ಣಿಗೆ ಬರುವುದು ಪೋಲಿಯೊ ಕಾಲದ ಎರಡು ಕಬ್ಬಿಣದ ಸರಳುಗಳು. ಅವು ಬೂಟಿನ ಹಿಮ್ಮಡಿಗೇ ಸಿಕ್ಕಿಸಿಕೊಂಡಿರುತ್ತಿದ್ದವು, ಹಾಗಾಗಿ ಬೂಟನ್ನು ಬೇರೆಯಾಗಿ ಆರಿಸುವ ಪ್ರಶ್ನೆಯೇ ಇರಲಿಲ್ಲ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು. ಈಗ ನಮ್ಮ ಶಾಲೆಗಳಲ್ಲಿ ಕ್ಯಾಲಿಪರ್ ಹಾಕುವ ಮಕ್ಕಳಲ್ಲಿ ಹೆಚ್ಚಿನವರು ಮಿದುಳಿನ ಪಾರ್ಶ್ವವಾಯು, ಅಂದರೆ ಸೆರೆಬ್ರಲ್ ಪಾಲ್ಸಿ ಇರುವವರು. ಹುಟ್ಟುವಾಗಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಮಕ್ಕಳು, ಸ್ನಾಯುಗಳು ಸೊರಗುವ ಮಕ್ಕಳೂ ಇದ್ದಾರೆ. ಇವರಿಗೆ ಕೊಡುವುದು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಕಾಯಿಸಿದ ಪಾಲಿಪ್ರೊಪಿಲೀನ್ ಹಾಳೆ ಹೊದಿಸಿ ಮಾಡುತ್ತಾರೆ. ಮೊಣಕಾಲಿನ ಕೆಳಗೇ ನಿಲ್ಲುವುದು ಎಎಫ್‌ಒ, ತೊಡೆಯವರೆಗೆ ಏರುವುದು ಕೆಎಎಫ್‌ಒ. ಆಸ್ಪತ್ರೆ ಚೀಟಿಯಲ್ಲಿ ಈ ಅಕ್ಷರಗಳಿದ್ದರೆ ಗಾಬರಿ ಬೇಡ. ಎರಡಕ್ಕೂ ಪಾದದ ಭಾಗ ಒಂದೇ ಥರ, ಶೂ ಲೆಕ್ಕವೂ ಒಂದೇ.

ಅಳತೆ ತೆಗೆಯುವುದು ಹೀಗೆ. ಮಗುವಿಗೆ ಉದ್ದ ಸಾಕ್ಸ್, ಅದರ ಮೇಲೆ ಕ್ಯಾಲಿಪರ್ ಹಾಕಿ ಪಟ್ಟಿಗಳನ್ನೆಲ್ಲ ಬಿಗಿದು ದಪ್ಪ ರಟ್ಟಿನ ಮೇಲೆ ನಿಲ್ಲಿಸಿ. ಕೂರಿಸಿ ಅಳೆಯಬೇಡಿ, ಭಾರ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ. ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದು ಕತ್ತರಿಸಿದರೆ ರಟ್ಟಿನ ಪಾದವೊಂದು ಸಿಗುತ್ತದೆ. ಕಡ್ಡಿ ಬರೀ ಉದ್ದ ಹೇಳಿದರೆ ರಟ್ಟು ಅಗಲವನ್ನೂ ಹೇಳುತ್ತದೆ, ನಮಗೆ ತೊಡಕಾಗುವುದು ಅಗಲವೇ. ಆಮೇಲೆ ಒಂದು ದಾರ ತೆಗೆದುಕೊಂಡು ಹಿಮ್ಮಡಿಯಿಂದ ಹರಡಿನ ಮುಂಭಾಗಕ್ಕೆ ಓರೆಯಾಗಿ ಸುತ್ತಿ, ಸುತ್ತು ಕೂಡಿದಲ್ಲಿ ಗಂಟು ಹಾಕಿ. ಶೂವಿನ ಬಾಯಿ ಎಷ್ಟು ತೆರೆಯಬೇಕು ಎಂಬುದಕ್ಕೆ ಆ ದಾರ ಸಾಕ್ಷಿ. ಸಾಧ್ಯವಿದ್ದರೆ ಮಗುವನ್ನೇ ಕರೆದುಕೊಂಡು ಹೋಗಿ, ಅದೂ ಸಂಜೆ. ಓಡಾಡಿದ ಕಾಲು ಹೊತ್ತು ಇಳಿಯುವಾಗ ತುಸು ಊದಿರುತ್ತದೆ, ಬೆಳಿಗ್ಗೆ ಸಲೀಸಾಗಿ ಹೋದ ಶೂ ಸಂಜೆ ಕಚ್ಚಬಹುದು.

ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಯೊಂದರಲ್ಲಿ ನಡೆದದ್ದು ಹೇಳುತ್ತೇನೆ. ಎರಡನೇ ತರಗತಿಯ ಹುಡುಗಿ, ಎರಡೂ ಕಾಲಿಗೆ ಎಎಫ್‌ಒ. ಅಂಗಡಿಯವರು ಮೊದಲು ತಂದದ್ದು ಹುಡುಗಿಯರು ಹಾಕುವ ಕರಿ ಬೆಲ್ಟ್ ಶೂ. ಒಂದೇ ಒಂದು ಸಣ್ಣ ಪಟ್ಟಿ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಮ್ಮಡಿ ಎದ್ದು ಹೊರಬಂತು. ಆಮೇಲೆ ಲೇಸಿನ ಶೂ. ಲೇಸು ಪೂರ್ತಿ ಬಿಚ್ಚಿದರೂ ಬಾಯಿ ಅಗಲಿಸಲಿಲ್ಲ.

“ಮೂರು ನಂಬರ್ ದೊಡ್ಡದು ಕೊಡ್ತೀನಿ ತಗೊಳ್ರಿ ಮೇಡಂ, ಆರಾಮಾಗಿ ಹೋಗ್ತದೆ” ಎಂದರು.

“ಕಾಲೇನೋ ಹೋಗ್ತದಪ್ಪಾ, ತುದಿ ತಡವರಿಸಿ ಹುಡುಗಿ ಮುಗ್ಗರಿಸಿ ಬೀಳ್ತಾಳೆ” ಎಂದೆ.

ಈ ನಂಬರಿನ ವಿಷಯ ಸ್ವಲ್ಪ ನಿಧಾನವಾಗಿ ತಿಳಿಯಬೇಕು. ನಮ್ಮ ಅಂಗಡಿಗಳ ಮಕ್ಕಳ ನಂಬರು 13ರವರೆಗೆ ಹೋಗಿ ಮತ್ತೆ 1ರಿಂದ ಶುರುವಾಗುತ್ತದೆ, ಆದ್ದರಿಂದ ಸಣ್ಣ ಮಗುವಿನ 1 ಬೇರೆ, ದೊಡ್ಡ ಮಗುವಿನ 1 ಬೇರೆ. ಒಂದು ನಂಬರಿಗೂ ಮುಂದಿನದಕ್ಕೂ ನಡುವಿನ ಅಂತರ ಸುಮಾರು ಎಂಟೂವರೆ ಮಿಲಿಮೀಟರ್. ಕೆಲವು ಪೆಟ್ಟಿಗೆಗಳ ಮೇಲೆ 28, 30, 32 ಎಂದಿರುತ್ತದೆ, ಅದು ಯುರೋಪಿನ ಲೆಕ್ಕ. ಅಲ್ಲಿ ಅಂತರ ಏಳು ಮಿಲಿಮೀಟರಿಗೂ ಕಡಿಮೆ. ಕ್ಯಾಲಿಪರ್‌ಗೆ ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಒಂದೂವರೆ ನಂಬರ್ ದೊಡ್ಡದು ಸಾಕು. ಕ್ಯಾಲಿಪರ್ ತುದಿ ಇರಲಿ, ಬೆರಳ ತುದಿ ಇರಲಿ, ಯಾವುದು ಮುಂದಿದೆಯೋ ಅದರಾಚೆ ನಿಮ್ಮ ಒಂದು ಬೆರಳಗಲ ಜಾಗ ಉಳಿಯಬೇಕು. ಬೇಕಾದದ್ದು ಅಗಲ ಮತ್ತು ಎತ್ತರ, ಅವನ್ನು ಉದ್ದದಿಂದ ಕೊಳ್ಳಲು ಹೋಗಬಾರದು. “ಬೆಳೆಯೋ ಮಗು, ಇರಲಿ ಬಿಡ್ರಿ” ಎಂದು ದೊಡ್ಡದು ಕೊಳ್ಳುವ ನಮ್ಮೆಲ್ಲರ ಚಾಳಿ ಬೇರೆ ಮಕ್ಕಳ ಮಟ್ಟಿಗೆ ನಡೆದೀತು, ಇಲ್ಲಿ ಬೇಡ.

ಅಂಗಡಿಗೆ ಮರಳೋಣ. ಮೇಲಿನ ಸಾಲಿನಲ್ಲಿ ಎರಡು ಅಗಲವಾದ ವೆಲ್ಕ್ರೋ ಪಟ್ಟಿಗಳ ಸ್ಪೋರ್ಟ್ಸ್ ಶೂ ಇತ್ತು. ಕೈಗೆ ತೆಗೆದುಕೊಂಡು ಮೊದಲು ನೋಡಿದ್ದು ನಾಲಿಗೆಯನ್ನು. ಅದು ಬೆರಳುಗಳ ಹತ್ತಿರದವರೆಗೆ ಹಿಂದಕ್ಕೆ ಮಡಚಿಕೊಳ್ಳಬೇಕು, ಆಗಲೇ ಕಾಲನ್ನು ಮೇಲಿನಿಂದ ಇಳಿಸಲು ಬರುವುದು. ಎರಡನೆಯದು ಒಳಗಿನ ಮೆತ್ತೆ. ಉಗುರಿನಿಂದ ಎತ್ತಿದೆ, ಎದ್ದು ಬಂತು. ಅಂಟಿಸಿಬಿಟ್ಟಿದ್ದರೆ ಆ ಜೋಡು ಬೇಡ. ಕ್ಯಾಲಿಪರ್‌ನೊಳಗೇ ಅಂಗಾಲಿಗೆ ಆಸರೆ ಇರುವಾಗ ಶೂವಿನ ಮೆತ್ತೆಗೆ ಅಲ್ಲಿ ಕೆಲಸವಿಲ್ಲ, ತೆಗೆದರೆ ಮೂರು ನಾಲ್ಕು ಮಿಲಿಮೀಟರ್ ಎತ್ತರ ಸಿಗುತ್ತದೆ. ಮೂರನೆಯದಾಗಿ ಶೂವಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದೆ. ಅಪ್ಪಚ್ಚಿಯಾಗದೆ ಗಟ್ಟಿಯಾಗಿ ನಿಂತಿತು. ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ ಮೊಣಕಾಲು ಮಡಿಸಿದೆವು. ಸೆಟೆದ ಕಾಲು ಮಡಿಸಿದಾಗ ಕೊಂಚ ಸಡಿಲಾಗುತ್ತದೆ. ಕ್ಯಾಲಿಪರ್ ತುದಿಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಸುತ್ತಿ ಇಳಿಸಿದರೆ ಜಾರಿಕೊಂಡು ಹೋಗುತ್ತದೆ, ಆಮೇಲೆ ಕವರ್ ಎಳೆದುಕೊಂಡರಾಯಿತು. ಈ ಉಪಾಯ ನೋಡಿ ಅಂಗಡಿಯವರು, “ಇದು ಭಾಳ ಚಲೋ ಐತಲ್ರಿ” ಎಂದು ನಕ್ಕರು. ಹಿಮ್ಮಡಿ ತಳ ಮುಟ್ಟಿತು. ಪಟ್ಟಿ ಮಾತ್ರ ಎರಡು ಬೆರಳಷ್ಟು ಗಿಡ್ಡವಾಯಿತು.

ಪಟ್ಟಿ ಸಾಲದೆಂದು ಒಳ್ಳೆಯ ಶೂ ಬಿಡಬೇಡಿ. ಬಳ್ಳಾರಿ ಜೀನ್ಸ್ ಹೊಲಿಯುವ ಊರು, ದಪ್ಪ ಬಟ್ಟೆಗೆ ಸೂಜಿ ಹಾಕುವ ಕೈಗಳಿಗೆ ಬರವಿಲ್ಲ. ಚಪ್ಪಲಿ ರಿಪೇರಿ ಮಾಡುವವರಾಗಲಿ, ದಪ್ಪ ಬಟ್ಟೆ ಹೊಲಿಯುವ ದರ್ಜಿಯಾಗಲಿ ಹಳೇ ಪಟ್ಟಿಗೆ ಹೊಸ ವೆಲ್ಕ್ರೋ ತುಂಡು ಜೋಡಿಸಿಕೊಡುತ್ತಾರೆ. ನಾಲಿಗೆ ಸಾಕಷ್ಟು ತೆರೆಯದಿದ್ದರೆ ಬೆರಳಿನ ಕಡೆಗೆ ಇನ್ನೊಂದಿಂಚು ಹೊಲಿಗೆ ಬಿಚ್ಚಿ ಅಂಚು ಕಟ್ಟಿಸಬಹುದು.

ಇನ್ನು ಅಟ್ಟೆ. ಇದರಲ್ಲಿ ಹೆಚ್ಚಿನವರು ಗಮನಿಸದ ಸಂಗತಿಯೆಂದರೆ ಹಿಮ್ಮಡಿಯ ಎತ್ತರ. ಕ್ಯಾಲಿಪರ್ ಮಾಡುವವರು ಮೊಣಕಾಲ ಕೆಳಗಿನ ಕಾಲು ನೆಲಕ್ಕೆ ಇಷ್ಟೇ ಓರೆಯಲ್ಲಿರಬೇಕು ಎಂದು ಲೆಕ್ಕ ಹಾಕಿರುತ್ತಾರೆ. ಅಟ್ಟೆಯ ಹಿಂಭಾಗ ಮುಂಭಾಗಕ್ಕಿಂತ ತೀರಾ ದಪ್ಪವಿದ್ದರೆ ಇಡೀ ಕಾಲು ಮುಂದಕ್ಕೆ ಬಾಗಿ ಮೊಣಕಾಲು ಕುಗ್ಗುತ್ತದೆ. ಇರಬೇಕಾದ್ದಕ್ಕಿಂತ ತೆಳುವಾದರೆ ಮೊಣಕಾಲು ಹಿಂದಕ್ಕೆ ತಳ್ಳಿಕೊಳ್ಳುತ್ತದೆ. ಪ್ರತಿ ಸಲ ಹೊಸ ಜೋಡು ಕೊಳ್ಳುವಾಗ ಹಳೆಯದರ ಹಿಮ್ಮಡಿ ಎತ್ತರವೇ ಇರಲಿ. ಅನುಮಾನವಿದ್ದರೆ ಮಗುವನ್ನು ಪಕ್ಕದಿಂದ ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಅಳತೆ ತೆಗೆದವರಿಗೆ ತೋರಿಸಿ.

ಅಟ್ಟೆಯ ಗೆರೆಗಳ ವಿಷಯದಲ್ಲಿ ಪುಸ್ತಕಕ್ಕಿಂತ ನಮ್ಮ ನೆಲದ ಮಾತು ಕೇಳಬೇಕು. ಜಾರಬಾರದು ಎಂದು ಆಳವಾದ ಹಲ್ಲುಗಳ ಅಟ್ಟೆ ಕೊಂಡವರು ಸಿರುಗುಪ್ಪದ ಎರೆ ನೆಲದಲ್ಲಿ ಒಂದು ಮಳೆ ಕಂಡರೆ ಸಾಕು. ಕಾಲುವೆ ಬದಿಯ ಆ ಮಣ್ಣು ಹಲ್ಲುಗಳ ಸಂದಿನಲ್ಲಿ ಕೂತು, ಹೆಜ್ಜೆಹೆಜ್ಜೆಗೆ ಪದರ ಕಟ್ಟಿ, ಗಟ್ಟಿಮುಟ್ಟಾದವರಿಗೇ ಕಾಲು ಎತ್ತಲಾಗದಂತೆ ಮಾಡುತ್ತದೆ. ಕಾಲೆತ್ತಲು ಮೊದಲೇ ಹೆಣಗುವ ಮಗುವಿನ ಪಾಡು ಹೇಳುವುದೇನು! ಮೇಲುಮೇಲಿನ ಗೆರೆಗಳ, ಚಪ್ಪಟೆಯ, ಹಗುರ ಅಟ್ಟೆ ನಮಗೆ ಸರಿ. ಬಳ್ಳಾರಿ ಪೇಟೆಯ ಡಾಂಬರು ರಸ್ತೆಯಲ್ಲಿ ಬೇರೆ ತೊಂದರೆ: ಬೆರಳ ತುದಿ ಎಳೆದು ನಡೆಯುವ ಮಕ್ಕಳಿಗೆ ಮುಂದೆ ಮೇಲಕ್ಕೆ ಸುತ್ತಿಕೊಂಡ ರಬ್ಬರ್ ತಡೆಯಾಗುತ್ತದೆ. ಅಂಥವರಿಗೆ ತುದಿ ನಯವಾಗಿ, ತುಸು ಮೇಲೆದ್ದಿರುವ ಅಟ್ಟೆ ನೋಡಿ.

ಸಾಕ್ಸ್ ವಿಷಯ ಚಿಕ್ಕದು, ಆದರೂ ಗಾಯ ಆಗುವುದು ಹೆಚ್ಚಾಗಿ ಅಲ್ಲೇ. ಕ್ಯಾಲಿಪರ್‌ನ ಮೇಲಂಚನ್ನು ದಾಟುವಷ್ಟು ಉದ್ದದ ಹತ್ತಿ ಸಾಕ್ಸ್ ಬೇಕು. ಶಾಲೆಯ ಗಿಡ್ಡ ಸಾಕ್ಸ್ ಸಾಲದು, ಆಟದ ಸಾಮಾನಿನ ಅಂಗಡಿಯ ಫುಟ್‌ಬಾಲ್ ಸಾಕ್ಸ್ ಎಎಫ್‌ಒಗೆ ಸರಿಹೊಂದುತ್ತದೆ, ನೈಲಾನ್ ಹೆಚ್ಚಿರುವುದು ಮಾತ್ರ ಬೇಡ. ಬೆರಳ ಬಳಿ ದಪ್ಪ ಹೊಲಿಗೆ ಇದ್ದರೆ ತಿರುವಿ ಹಾಕಿ. ಒಂದು ಸುಕ್ಕೂ ಇರದಂತೆ ಎಳೆಯಿರಿ. ನಮ್ಮ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಪ್ಲಾಸ್ಟಿಕ್ಕಿನೊಳಗೆ ಕಾಲು ಬೆವರಿ ಬೇಯುತ್ತದೆ. ಬ್ಯಾಗಿನಲ್ಲಿ ಇನ್ನೊಂದು ಜೊತೆ ಇಟ್ಟು ಮಧ್ಯಾಹ್ನ ಬದಲಿಸಿದರೆ ಚರ್ಮ ಉಳಿಯುತ್ತದೆ. ಕ್ಯಾಲಿಪರ್ ತೊಳೆದಾಗ ನೆರಳಲ್ಲಿ ಒಣಗಿಸಿ, ಒಲೆ ಪಕ್ಕ ಇಡಬೇಡಿ.

ಹೊಸ ಶೂ ಹಾಕಿದ ಮೊದಲ ವಾರ ಒಂದೊಂದು ಗಂಟೆ ಹೆಚ್ಚಿಸುತ್ತ ಹೋಗಿ. ಬಿಚ್ಚಿದಾಗ ಕೆಂಪು ಗುರುತು ಕಂಡರೆ ಗಡಿಯಾರ ನೋಡಿ. ಅರ್ಧ ಗಂಟೆಯೊಳಗೆ ಮಾಸಿದರೆ ಚಿಂತೆಯಿಲ್ಲ. ಮಾಸದಿದ್ದರೆ ಅದನ್ನು ಹಾಕುವುದು ನಿಲ್ಲಿಸಿ ಕ್ಯಾಲಿಪರ್ ಕೊಟ್ಟವರ ಬಳಿ ಹೋಗಿ. ಬೆನ್ನುಹುರಿಯ ತೊಂದರೆ ಇರುವ ಮಕ್ಕಳಿಗೆ ಪಾದದಲ್ಲಿ ನೋವೇ ತಿಳಿಯದಿರಬಹುದು. ಅವರು ಅಳಲಿಲ್ಲ ಎಂದರೆ ಶೂ ಸರಿಯಿದೆ ಎಂದಲ್ಲ, ದಿನವೂ ಕಣ್ಣಾರೆ ನೋಡಲೇಬೇಕು.

ಒಂದೇ ಕಾಲಿಗೆ ಕ್ಯಾಲಿಪರ್ ಇದ್ದವರ ಪಾಡು ಖರ್ಚಿನದು. ಎರಡು ನಂಬರಿನ ಎರಡು ಜೋಡು ಕೊಂಡು ಒಂದೊಂದು ವ್ಯರ್ಥ ಮಾಡಬೇಕು. ವ್ಯತ್ಯಾಸ ಒಂದೇ ನಂಬರಿದ್ದರೆ ದೊಡ್ಡ ಜೋಡನ್ನೇ ಕೊಂಡು, ಕ್ಯಾಲಿಪರ್ ಇರುವ ಶೂವಿನ ಮೆತ್ತೆ ತೆಗೆದು ಇನ್ನೊಂದರ ಮೆತ್ತೆ ಹಾಗೇ ಬಿಡಿ. ಎತ್ತರವೂ ಹೆಚ್ಚುಕಡಿಮೆ ಸಮವಾಗುತ್ತದೆ.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಒಂದು ಜೊತೆ ಕರಿ ಶೂ, ಎರಡು ಜೊತೆ ಸಾಕ್ಸ್ ಬರುತ್ತವೆ. ಕೊಳ್ಳುವುದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2022–23ರಲ್ಲಿ ಒಂದರಿಂದ ಐದನೇ ತರಗತಿಯವರಿಗೆ ಕೊಟ್ಟ ದರ 265 ರೂಪಾಯಿ. ಆ ದುಡ್ಡಿಗೆ ನಾನು ಮೇಲೆ ಹೇಳಿದ ಶೂ ಸಿಗುವುದು ಕಷ್ಟ. ಆದರೂ ಖರೀದಿಗೆ ಮುಂಚೆ ಮುಖ್ಯೋಪಾಧ್ಯಾಯರ ಕೈಗೆ ನಿಮ್ಮ ರಟ್ಟಿನ ಪಾದ ಕೊಡಿ. ಕೊಳ್ಳುವವರು ನಮ್ಮೂರವರೇ ಆದ್ದರಿಂದ ಎಡಕ್ಕೊಂದು ಬಲಕ್ಕೊಂದು ನಂಬರ್ ಕೇಳಲು ಸಂಕೋಚ ಬೇಡ. ಕೆಲವೆಡೆ ಕೇಳಿದ್ದಕ್ಕೆ ಸಿಕ್ಕಿದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಕ್ಯಾಲಿಪರ್ ಪಡೆದವರು ಒಂದು ಮಾತು ನೆನಪಿಡಿ: ದೊಡ್ಡವರು ಅದೇ ಸಾಧನಕ್ಕೆ ಮತ್ತೆ ಅರ್ಜಿ ಹಾಕಲು ಮೂರು ವರ್ಷ ಕಾಯಬೇಕು, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷ. ಬೆಳೆದ ಕಾಲನ್ನು ಹಳೇ ಕ್ಯಾಲಿಪರ್‌ನೊಳಗೆ ತುರುಕಬೇಕಿಲ್ಲ.

ಒಳತಿರುಚಿದ ಪಾದದೊಂದಿಗೆ ಹುಟ್ಟಿದ ಮಕ್ಕಳಿಗೆ ಕಂಬಿಯ ಎರಡು ತುದಿಗೆ ಶೂ ಜೋಡಿಸಿದ ಸಾಧನ ಕೊಡುತ್ತಾರೆ. ಅದರ ಶೂ ಬದಲಾಯಿಸುವ ಉಸಾಬರಿಗೆ ಹೋಗಬೇಡಿ. ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಇಡೀ ದಿನ, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ ಅದನ್ನು ಹಾಕಬೇಕು. ಮೂರು ತಿಂಗಳ ನಂತರ ಹಗಲಲ್ಲಿ ಮಾಮೂಲಿ ಶೂ ನಡೆಯುತ್ತದೆ.

ಈಗ ಹೊಸ್ತಿಲ ಮಾತು. ಮನೆಯಲ್ಲಿ, ಗುಡಿಯಲ್ಲಿ, ನಮ್ಮ ಎಷ್ಟೋ ಶಾಲೆಗಳ ತರಗತಿಯ ಬಾಗಿಲಲ್ಲೂ ಮೆಟ್ಟು ಹೊರಗೆ ಬಿಡುವುದು ಸಂಪ್ರದಾಯ. ಬರೀ ಕ್ಯಾಲಿಪರ್‌ನಲ್ಲಿ ಕಡಪ ಕಲ್ಲಿನ ನೆಲದ ಮೇಲೆ ನಡೆಸಿದರೆ ಪ್ಲಾಸ್ಟಿಕ್ ಜಾರುತ್ತದೆ, ಹಿಮ್ಮಡಿ ಎತ್ತರದ ಲೆಕ್ಕವೂ ತಪ್ಪುತ್ತದೆ. ಒಂದು ಶಾಲೆಯಲ್ಲಿ ಶೂ ಹೊರಗೆ ಬಿಟ್ಟ ಹುಡುಗ ಗೋಡೆ ಹಿಡಿದು ಹಿಡಿದು ತನ್ನ ಜಾಗಕ್ಕೆ ಹೋಗುವುದನ್ನು ನೋಡಿ ನಾನೇ ಶಿಕ್ಷಕರ ಜೊತೆ ಕೂತು ಮಾತಾಡಬೇಕಾಯಿತು. ಅವನ ಶೂ ಅವನ ಕಾಲಿನ ಭಾಗ ಎಂದು ಹೇಳಿದ ಮೇಲೆ ಬಾಗಿಲಲ್ಲೊಂದು ಒದ್ದೆ ಗೋಣಿ ಹಾಕಿದರು, ಅದರ ಮೇಲೆ ಉಜ್ಜಿ ಒಳಗೆ ಬರುತ್ತಾನೆ. ಮನೆಗೆಂದು ಹಳೇ ಜೋಡನ್ನು ತೊಳೆದು ಒಳಗಷ್ಟೇ ಬಳಸಬಹುದು. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಗೆ ಹೋದಾಗ ಏನು ಮಾಡಬೇಕು ಎಂದು ಒಬ್ಬ ಅಜ್ಜಿ ಕೇಳಿದರು. ಕ್ಯಾಲಿಪರ್ ಬಿಚ್ಚಿ ಎತ್ತಿಕೊಳ್ಳುವಷ್ಟು ಚಿಕ್ಕ ಮಗುವಾದರೆ ಎತ್ತಿಕೊಳ್ಳಿ ಅಮ್ಮಾ, ದೊಡ್ಡದಾದರೆ ತೊಳೆದಿಟ್ಟ ಬಟ್ಟೆ ಶೂ ಹಾಕಿ ಕರೆದೊಯ್ಯಿರಿ, ಬಸವಣ್ಣ ಬೇಡ ಅನ್ನಲಿಕ್ಕಿಲ್ಲ ಎಂದೆ. ಅಜ್ಜಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಕೊನೆಗೊಂದು ಕೆಲಸ. ಸವೆದ ಶೂವನ್ನು ತಿಪ್ಪೆಗೆ ಎಸೆಯುವ ಮುಂಚೆ ತಿರುವಿ ಅಟ್ಟೆ ನೋಡಿ. ತುದಿ ಸವೆದಿದ್ದರೆ ಮಗು ಬೆರಳು ಎಳೆಯುತ್ತಿದೆ. ಹೊರ ಅಂಚೊಂದೇ ಸವೆದಿದ್ದರೆ ಪಾದ ಒಳಗೆ ತಿರುಗುತ್ತಿದೆ. ಎಡ ಬಲದ ಸವೆತ ಬೇರೆಬೇರೆಯಾಗಿದ್ದರೆ ಭಾರವೆಲ್ಲ ಒಂದೇ ಕಾಲಿಗೆ ಬೀಳುತ್ತಿರಬಹುದು. ಆ ಹಳೇ ಜೋಡನ್ನು ಕೈಚೀಲದಲ್ಲಿ ಹಾಕಿಟ್ಟು, ಮುಂದಿನ ಅಳತೆಗೆ ಬಳ್ಳಾರಿಗೆ ಹೋಗುವ ದಿನ ಮಗುವಿನ ಜೊತೆ ಅದನ್ನೂ ಬಸ್ಸು ಹತ್ತಿಸಿ.